ಇದು ನಿನಗೆ ಎಷ್ಟನೆಯದು, ಮಗಾ?

ಕುಂದಾಪುರದ ಕಡೆಯ ನಮ್ಮ ದೊಡ್ಡಮ್ಮನವರಿಗೆ ಎಪ್ಪತ್ತರ ಪ್ರಾಯದಲ್ಲಿ ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಕ್ರಿಯೆ ಆಗಬೇಕಾಗಿ ಬಂತು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ನನ್ನ ಜಗಳ ಒಂದು ಆಸ್ಪತ್ರೆಯ ಮೇಲಿನದಲ್ಲ. ಹಿಂದಿನ ದಿನ ಸಂಜೆ, ಮೀಸೆ ಆಗತಾನೆ ಕಪ್ಪಾಗಿದ್ದ ವೈದ್ಯನೊಬ್ಬ ಒಪ್ಪಿಗೆಯ ಕಾಗದ ಹಿಡಿದುಕೊಂಡು ಹಾಸಿಗೆಯ ಬಳಿಗೆ ಬಂದ. "ನಾಳೆ ನಾನೇ ಆಪರೇಶನ್ ಮಾಡುವುದು ಅಜ್ಜಿ, ಹೆದರಬೇಡಿ" ಎಂದ. ದೊಡ್ಡಮ್ಮ ಅವನ ಮುಖವನ್ನೊಮ್ಮೆ ನೋಡಿದರು, ಕೈಗಳನ್ನೊಮ್ಮೆ ನೋಡಿದರು. ಆಮೇಲೆ ಬಹಳ ಅಕ್ಕರೆಯಿಂದಲೇ ಕೇಳಿದರು: "ಇದ್ ನಿಂಗ್ ಎಷ್ಟ್ನೇದ್, ಮಗಾ?"

ವೈದ್ಯ ನಕ್ಕ. ಬಳಿಯಲ್ಲಿದ್ದ ದಾದಿಯೂ ನಕ್ಕಳು. ದೊಡ್ಡಮ್ಮನ ಮಗ ನಾಚಿಕೆಯಿಂದ ಕುಗ್ಗಿ, "ಅಬ್ಬೀ, ಡಾಕ್ಟ್ರತ್ರ ಹಾಂಗೆಲ್ಲ ಕೇಂಬುಕಾಗ" ಎಂದು ಗದರಿಸಿದ. ಕಾಗದದ ಮೇಲೆ ಹೆಬ್ಬೆಟ್ಟು ಬಿತ್ತು. ಪ್ರಶ್ನೆ ಹಾಗೆಯೇ ಉಳಿಯಿತು. ಮೂರು ದಿನಗಳಲ್ಲಿ ಮನೆಗೆ ಬರಬೇಕಾಗಿದ್ದ ದೊಡ್ಡಮ್ಮ ಮೂರು ವಾರಗಳಾದ ಮೇಲೆ ಬಂದರು. ಅದು ರೋಗದ ತೊಡಕೋ ಕೈಯ ತೊಡಕೋ ಎಂದು ವಿಚಾರಿಸಿದೆವು. ಹೇಳಬಲ್ಲವರು ಯಾರೂ ಇರಲಿಲ್ಲ. ಏಕೆಂದರೆ ಆ ಹುಡುಗನ ಕೈಯನ್ನು ಅದಕ್ಕೆ ಮೊದಲು ಯಾರೂ, ಯಾವ ಅಳತೆಗೋಲಿನಿಂದಲೂ ಅಳೆದಿರಲಿಲ್ಲ. ನನ್ನ ದೂರೆಲ್ಲ ಇಷ್ಟೇ. ಉಳಿದದ್ದು ಈ ದೂರಿನ ವಿವರಣೆ.

ಕಲಿಯುವ ಕೈ ಮೊದಮೊದಲು ತಡವರಿಸಿಯೇ ತೀರಬೇಕು. ಬ್ರಹ್ಮನೂ ಅದನ್ನು ತಪ್ಪಿಸಲಾರ. ಆದರೆ ಆ ತಡವರಿಕೆ ಬದುಕಿರುವ ಮನುಷ್ಯನ ಹೊಟ್ಟೆಯೊಳಗೇ ನಡೆಯಬೇಕೆಂದು ಯಾವ ಬ್ರಹ್ಮನೂ ಬರೆದಿಲ್ಲ. ಅದು ಗೊಂಬೆಯ ಮೇಲೆ, ಪೆಟ್ಟಿಗೆಯೊಳಗೆ, ಹಣ್ಣು ಕಾಯಿ ತೊಗಲುಗಳ ಮೇಲೆ ನಡೆದು ಮುಗಿಯಬೇಕು. ಮುಗಿಯಿತೆಂಬುದನ್ನು ಪರೀಕ್ಷಿಸಿ ನೋಡಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಕೈಗೆ ಮಾತ್ರ ರೋಗಿಯ ಮೈ ಮುಟ್ಟುವ ಅಧಿಕಾರ ಸಿಕ್ಕಬೇಕು. ಇದಕ್ಕೆ ಈಗಿನವರು ಸಿಮ್ಯುಲೇಶನ್ ಎನ್ನುತ್ತಾರೆ. ನಾವು ಅಣಕು ಅಭ್ಯಾಸ ಎನ್ನೋಣ. ನಮ್ಮ ದೇಶದಲ್ಲಿ ಶಸ್ತ್ರವೈದ್ಯನಾಗುವವನಿಗೆ ಈ ಅಭ್ಯಾಸ ಮತ್ತು ಈ ಪರೀಕ್ಷೆ ಇನ್ನೂ ಅಲಂಕಾರದ ವಸ್ತುಗಳಾಗಿಯೇ ಉಳಿದಿರುವುದು ಅನ್ಯಾಯ. ಬಡವರ ಪಾಲಿಗೆ ಇಮ್ಮಡಿ ಅನ್ಯಾಯ.

ನಮ್ಮ ಸೀಮೆಯವರಿಗೆ ಈ ಮಾತನ್ನು ತಿಳಿಸಿ ಹೇಳಬೇಕಾದದ್ದೇ ಇಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಯಕ್ಷಗಾನ ನೋಡದೆ ಬೆಳೆದವನಾರು? ಬಡಗುತಿಟ್ಟಿನ ಮೇಳಕ್ಕೆ ಹುಡುಗನೊಬ್ಬ ಸೇರಿದರೆ ಮೊದಲ ವರ್ಷವೇ ಅವನಿಗೆ ಕರ್ಣನ ವೇಷ ಕಟ್ಟಿ ರಂಗಸ್ಥಳಕ್ಕೆ ನೂಕುತ್ತಿದ್ದರೆ? ತಾಳ, ಹೆಜ್ಜೆ ಕಲಿತು, ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಆಮೇಲೆ ಸಣ್ಣಪುಟ್ಟ ಪಾತ್ರಗಳು. ಸಂಜೆ ಜನ ಇನ್ನೂ ಚಾಪೆ ಹಾಸುತ್ತಿರುವಾಗ ಕೋಡಂಗಿ ಕುಣಿದು ಹೋಗುತ್ತಿದ್ದ. ಅವನ ಹೆಜ್ಜೆ ತಪ್ಪಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಭಾಗವತರ ಕಣ್ಣು ಅವನ ಕಾಲಿನ ಮೇಲೆಯೇ ಇರುತ್ತಿತ್ತು. ಯಾವ ದಿನ ಮೇಲಿನ ವೇಷಕ್ಕೆ ಏರಿಸಬಹುದು ಎಂಬ ತೀರ್ಮಾನ ಆ ಹೊತ್ತಿನಲ್ಲಿಯೇ ಆಗುತ್ತಿತ್ತು. ತಪ್ಪಬಹುದಾದ ಜಾಗ, ತಪ್ಪನ್ನು ಹಿಡಿಯುವ ಕಣ್ಣು, ಮೇಲಕ್ಕೆ ಏರಲು ಒಂದೊಂದೇ ಮೆಟ್ಟಿಲು. ಶಿಕ್ಷಣವೆಂದರೆ ಇದೇ ಅಲ್ಲವೆ? ಕಾಲಮಿತಿಯ ಆಟಗಳು ಬಂದ ಮೇಲೆ ಕೋಡಂಗಿ ಬಹುಮಟ್ಟಿಗೆ ಮಾಯವಾದನೆಂದು ಹಳೆಯ ಕಲಾಭಿಮಾನಿಗಳು ಕೊರಗುತ್ತಾರೆ. ವೇಷ ಕೆಟ್ಟರೆ ಒಂದು ರಾತ್ರಿಯ ಆಟ ಕೆಟ್ಟೀತು. ಶಸ್ತ್ರಶಾಲೆಯಲ್ಲಿ ಕೋಡಂಗಿಯ ಮೆಟ್ಟಿಲೇ ಇಲ್ಲದಿರುವುದಕ್ಕೆ ಕೊರಗುವವರು ಎಲ್ಲಿದ್ದಾರೆ?

ಇನ್ನೂ ಕೆಳಗಿನ ದೃಷ್ಟಾಂತ ಬೇಕೆ? ಮೊಪೆಡ್ ಓಡಿಸಲು ಲೈಸೆನ್ಸ್ ಬೇಕೆಂದು ಹೋದವನಿಗೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸು ಎನ್ನುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಹಿಂದಕ್ಕೆ ಕಳುಹಿಸುತ್ತಾರೆ. "ನಾನು ಗಾಡಿಯ ಮೇಲೆ ನಾಲ್ಕು ಪ್ರಬಂಧ ಬರೆದಿದ್ದೇನೆ, ಸ್ವಾಮಿ" ಎಂದರೆ ನಗುತ್ತಾರೆ.

ಈಗ ಶಸ್ತ್ರವೈದ್ಯನ ಪರೀಕ್ಷೆಗೆ ಬನ್ನಿ. ಎಂ.ಬಿ.ಬಿ.ಎಸ್. ಮುಗಿಸಿದವನು ಮೂರು ವರ್ಷ ಓದಿ ಎಂ.ಎಸ್. ಪದವಿ ಪಡೆಯುತ್ತಾನೆ. ಕೊನೆಗೆ ನಾಲ್ಕು ಪ್ರಶ್ನಪತ್ರಿಕೆಗಳಿಗೆ ಉತ್ತರ ಬರೆಯುತ್ತಾನೆ. ಒಂದು ದೊಡ್ಡ ರೋಗಪ್ರಕರಣ, ಕೆಲವು ಚಿಕ್ಕ ಪ್ರಕರಣಗಳನ್ನು ಪರೀಕ್ಷಿಸಿ ಹಿರಿಯರೆದುರು ವಿವರಿಸುತ್ತಾನೆ. ಮೇಜಿನ ಮೇಲಿಟ್ಟ ಉಪಕರಣವನ್ನೆತ್ತಿ ಹೆಸರು ಹೇಳುತ್ತಾನೆ, ಅದು ಯಾವುದಕ್ಕೆ ಎಂದು ಹೇಳುತ್ತಾನೆ. ಎಲ್ಲ ಸರಿ. ಆದರೆ ಆ ಉಪಕರಣವನ್ನು ಹಿಡಿದು ಒಂದು ಗಂಟು ಹಾಕಿ ತೋರಿಸು, ಹರಿದ ಕರುಳನ್ನು ಹೊಲಿದು ತೋರಿಸು, ಅದರೊಳಗೆ ನೀರು ಬಿಟ್ಟು ಸೋರುತ್ತದೆಯೆ ನೋಡೋಣ ಎಂಬ ಮಾತು ಆ ಪರೀಕ್ಷೆಯ ಕೇಂದ್ರವಲ್ಲ. ಕೈಯ ವಿಷಯಕ್ಕೆ ಒಂದು ಲಾಗ್ ಪುಸ್ತಕವಿದೆ: ಇಷ್ಟು ನೋಡಿದೆ, ಇಷ್ಟಕ್ಕೆ ಸಹಾಯ ಮಾಡಿದೆ, ಇಷ್ಟನ್ನು ನಾನೇ ಮಾಡಿದೆ, ಕೆಳಗೆ ಗುರುಗಳ ಸಹಿ. ಎಷ್ಟು ಎಂಬ ಲೆಕ್ಕ ಅಲ್ಲಿದೆ. ಎಂಥದು ಎಂಬ ಲೆಕ್ಕ ಇಲ್ಲ. ನೂರು ಸಲ ಅಪಸ್ವರ ಹಾಡಿದವನನ್ನು ನಾವು ಸಂಗೀತಗಾರನೆನ್ನುವುದಿಲ್ಲ.

ಈ ಪದ್ಧತಿಗೆ ಒಂದು ವಂಶಾವಳಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾವೈದ್ಯ, ಶಿಷ್ಯರು ಆಸ್ಪತ್ರೆಯಲ್ಲೇ ವಾಸವಿದ್ದು ವರ್ಷಗಟ್ಟಲೆ ಗುರುವಿನ ಕೈಕೆಳಗೆ ಪಳಗುವ ಏರ್ಪಾಡನ್ನು ಕಟ್ಟಿದ. ಅದು ಆ ಕಾಲಕ್ಕೆ ದೊಡ್ಡ ಸುಧಾರಣೆಯೇ ಸರಿ. ಅದರ ಬಾಲದಲ್ಲಿ ಬೆಳೆದ ಗಾದೆಯೊಂದು ಇಂದಿಗೂ ವೈದ್ಯರ ಬಾಯಲ್ಲಿದೆ: ಒಂದನ್ನು ನೋಡು, ಒಂದನ್ನು ಮಾಡು, ಒಂದನ್ನು ಕಲಿಸು. ಕೇಳಲು ಚೆನ್ನಾಗಿದೆ. ಆದರೆ ನಡುವಿನ ಆ 'ಒಂದು' ಯಾರು? ಅವರಿಗೂ ಹೆಸರಿದೆ, ಮನೆಯಿದೆ, ಹೊರಗಿನ ಬೆಂಚಿನಲ್ಲಿ ಕುಳಿತು ಕಾಯುತ್ತಿರುವ ಮಕ್ಕಳಿದ್ದಾರೆ.

ಹೊಟ್ಟೆಯನ್ನು ಅಗಲವಾಗಿ ತೆರೆಯುತ್ತಿದ್ದ ಕಾಲದಲ್ಲಿ ಗುರು ಎದುರಿಗೆ ನಿಂತು ಶಿಷ್ಯನ ಕೈಯ ಮೇಲೆ ಕೈಯಿಟ್ಟು ನಡೆಸಬಹುದಾಗಿತ್ತು. 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಲ್ಯಾಪರೋಸ್ಕೋಪಿನ ಮೂಲಕ ಪಿತ್ತಕೋಶವನ್ನು ತೆಗೆದಂದಿನಿಂದ ನಮ್ಮ ದೇಶದಲ್ಲಿಯೂ ಕಾಲ ಬದಲಾಯಿತು. ಈಗ ಸಣ್ಣ ತೂತುಗಳಲ್ಲಿ ಉದ್ದನೆಯ ಸಲಾಕೆಗಳನ್ನು ತೂರಿಸಿ, ಪರದೆಯನ್ನು ನೋಡುತ್ತ ಕೆಲಸ ಮಾಡಬೇಕು. ಹೊಟ್ಟೆಯ ಗೋಡೆ ಏತದ ಕಂಬದಂತೆ ನಡುವೆ ನಿಂತಿರುವುದರಿಂದ ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಪರದೆ ಚಪ್ಪಟೆ, ಹತ್ತಿರ ಯಾವುದು, ದೂರ ಯಾವುದು ಎಂಬುದನ್ನು ಕಣ್ಣು ಹೊಸದಾಗಿ ಕಲಿಯಬೇಕು. ಗಂಟು ಸಡಿಲವಾದರೆ ರಕ್ತ ಸೋರುತ್ತದೆ. ಬಿಗಿ ಮೀರಿದರೆ ಕಟ್ಟಿದ ಭಾಗ ರಕ್ತವಿಲ್ಲದೆ ಸಾಯುತ್ತದೆ. ಇದನ್ನೆಲ್ಲ ಮಾತಿನಲ್ಲಿ ಕಲಿಸಬಹುದೆ? ಈಜುವುದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿದಂತಾದೀತು.

ಈ ಕಲಿಕೆಯ ಬೆಲೆಯನ್ನು ತೆರುವವರಾರು? ಹಣವಿದ್ದವನು ಖಾಸಗಿ ಕೋಣೆ ಹಿಡಿದು, "ದೊಡ್ಡ ಡಾಕ್ಟ್ರೇ ಮಾಡಬೇಕು" ಎನ್ನುತ್ತಾನೆ; ಅವನ ಮಾತು ನಡೆಯುತ್ತದೆ. ಸಾಮಾನ್ಯ ವಾರ್ಡಿನ ಹಾಸಿಗೆಯವನಿಗೆ ಆ ಆಯ್ಕೆಯಿಲ್ಲ. ಕಲಿಯುವವರ ಮೊದಲ ಗಂಟು, ಮೊದಲ ಹೊಲಿಗೆ, ಮೊದಲ ಎಡವಟ್ಟು ಇವನ ಪಾಲು. ಕಲಿತು ನುರಿತ ಮೇಲೆ ಅದೇ ಕೈ ಖಾಸಗಿ ಕೋಣೆಯವನ ಪಾಲು. ಬಡವನು ತನ್ನ ಮೈಯನ್ನು ಶಾಲೆಯಾಗಿ ಕೊಟ್ಟ. ಪಾಠದ ಫಲವನ್ನು ಬೇರೆಯವನು ಉಂಡ.

ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಇದರಲ್ಲಿ ಇನ್ನೊಂದು ಸುಳಿಯಿದೆ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ದೇಶದ ಮೊದಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ಅದು. ಬ್ರಹ್ಮಾವರದವರಿಗೆ ಅದು ಬಗಲಿನಲ್ಲೇ ಇದೆ ಎನ್ನಬಹುದು. ಬೈಂದೂರಿನವನಿಗೆ ಸುಮಾರು ಎಪ್ಪತ್ತು ಕಿಲೋಮೀಟರ್ ಹೆದ್ದಾರಿ. ಮಳೆಗಾಲದ ರಾತ್ರಿಯಲ್ಲಿ ಒಡೆದ ಅಪೆಂಡಿಕ್ಸ್, ನಿಲ್ಲದ ಹೆರಿಗೆಯ ರಕ್ತಸ್ರಾವ ಎಪ್ಪತ್ತು ಕಿಲೋಮೀಟರಿನ ಲೆಕ್ಕವನ್ನು ಕೇಳುವುದಿಲ್ಲ. ಆ ಹೊತ್ತಿಗೆ ಹತ್ತಿರದ ಆಸ್ಪತ್ರೆಯಲ್ಲಿ ಯಾರಿದ್ದಾರೋ ಅವರ ಕೈಯೇ ದೇವರು. ಕರ್ನಾಟಕದ 2012ರ ಕಡ್ಡಾಯ ಸೇವೆಯ ಕಾಯ್ದೆಯ ಪ್ರಕಾರ ಕೋರ್ಸು ಮುಗಿಸಿದ ವೈದ್ಯರನ್ನು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಿಗೆ ನೇಮಿಸಬಹುದು. ಒಳ್ಳೆಯದೇ. ಆದರೆ ಕಾಲೇಜಿನಲ್ಲಿ ಹಿಂದೆ ನಿಂತು ಹಿಡಿಯುತ್ತಿದ್ದ ಗುರು ಇಲ್ಲಿಲ್ಲ. ಹುಡುಗನ ಕೈ ನೆಟ್ಟಗಿದೆಯೆ ಎಂಬುದು ಸರ್ಕಾರಕ್ಕೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಬಹಳ ಸಲ ಪಾಪ, ಆ ಹುಡುಗನಿಗೂ ಗೊತ್ತಿಲ್ಲ. ನಡುರಾತ್ರಿಯಲ್ಲಿ ಒಬ್ಬನೇ ನಿಂತು ಬೆವರುವ ಅವನ ಸಂಕಟವೂ ಸಣ್ಣದಲ್ಲ. ಅವನ ಪರವಾಗಿಯೂ ನಾನು ವಾದಿಸುತ್ತಿದ್ದೇನೆ.

"ಇದೆಲ್ಲ ಪಾಶ್ಚಾತ್ಯರ ಹೊಸ ಹುಚ್ಚು" ಎನ್ನುವ ಮಹನೀಯರು ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಆ ಅಧ್ಯಾಯಕ್ಕೆ ಹೆಸರೇ ಯೋಗ್ಯಾಸೂತ್ರೀಯ. 'ಯೋಗ್ಯಾ' ಎಂದರೆ ಕೈಯ ಅಭ್ಯಾಸ. ಕೊಯ್ಯುವುದನ್ನು ಬೂದುಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಸಬೇಕು ಎಂದು ಅಲ್ಲಿದೆ. ಸೀಳುವುದನ್ನು ನೀರು ತುಂಬಿದ ತೊಗಲಿನ ಚೀಲದ ಮೇಲೆ. ಕೆರೆಯುವುದನ್ನು ಕೂದಲಿರುವ ಚರ್ಮದ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆಯ ದಂಟಿನ ಮೇಲೆ. ಗಾಯದ ಆಳ ನೋಡುವುದನ್ನು ಹುಳು ತಿಂದ ಮರದ ತೂತಿನಲ್ಲಿ. ಒಳಗಿನದನ್ನು ಹೊರಗೆಳೆಯುವುದನ್ನು ಹಲಸಿನ ತಿರುಳಿನಲ್ಲಿ. ಹೊಲಿಯುವುದನ್ನು ದಪ್ಪ ಮತ್ತು ತೆಳು ಬಟ್ಟೆಯ ಅಂಚಿನಲ್ಲಿ. ಪಟ್ಟಿ ಕಟ್ಟುವುದನ್ನು ಮನುಷ್ಯನ ಆಕಾರದ ಗೊಂಬೆಯ ಮೇಲೆ. ಎಂಥ ಜಾಣ ಆಯ್ಕೆಗಳು! ಹಲಸಿನ ಹಣ್ಣಿನೊಳಗೆ ಕೈ ಹಾಕಿ ಸೊಳೆ ಬಿಡಿಸಿದ ನಮ್ಮ ಕರಾವಳಿಯ ಯಾವ ಹೆಂಗಸಿಗಾದರೂ ಆ ಮಾತಿನ ಅರ್ಥ ತಕ್ಷಣ ಹೊಳೆಯುತ್ತದೆ: ಅಂಟು, ನಾರು, ಜಾರಿಕೆಗಳ ನಡುವೆ ಬೇಕಾದದ್ದನ್ನು ಹರಿಯದೆ ಬಿಡಿಸುವುದು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನೂ ಈ ಅಭ್ಯಾಸ ಮಾಡದಿದ್ದರೆ ಕೆಲಸಕ್ಕೆ ಅನರ್ಹನೇ ಎಂಬುದು ಆ ಅಧ್ಯಾಯದ ಅಭಿಪ್ರಾಯ. ನಾವು ಬೈಗುಳಾಗಿ ಬಳಸುವ 'ಅಯೋಗ್ಯ' ಎಂಬ ಶಬ್ದ ಅಲ್ಲಿ ಎಷ್ಟು ನಿಖರವಾದ ಅರ್ಥದಲ್ಲಿ ನಿಂತಿದೆ!

ಸುಶ್ರುತನ ಹೆಸರು ಹೇಳಿ ಎದೆ ತಟ್ಟಿಕೊಳ್ಳುವುದರಲ್ಲಿ ನಾವು ಯಾರಿಗೂ ಕಡಮೆಯಿಲ್ಲ. 2020ರ ನವೆಂಬರಿನಲ್ಲಿ ಆಯುರ್ವೇದದ ಶಲ್ಯ ಮತ್ತು ಶಾಲಾಕ್ಯ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 58 ಶಸ್ತ್ರಕ್ರಿಯೆಗಳನ್ನು ಕಲಿಸಬಹುದೆಂದು ಆಜ್ಞೆ ಹೊರಟಿತು. ಡಿಸೆಂಬರ್ 11ರಂದು ಅಲೋಪತಿಯ ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿದರು. ಒಂದು ಪಕ್ಷದವರು ಪರಂಪರೆಯನ್ನು ತೋರಿಸಿದರು. ಇನ್ನೊಂದು ಪಕ್ಷದವರು ಪದವಿಯನ್ನು ತೋರಿಸಿದರು. ಈ ಗದ್ದಲದಲ್ಲಿ ಒಂದು ಸಾದಾ ಮಾತು ಮುಳುಗಿಹೋಯಿತು: "ಇಬ್ಬರೂ ಬನ್ನಿ, ಒಂದೇ ಮೇಜಿನ ಮುಂದೆ ನಿಂತು ಒಂದೇ ಹೊಲಿಗೆ ಹಾಕಿ ತೋರಿಸಿ; ಗುರುತು ಕಾಣದಂತೆ ಅಳೆಯೋಣ." ಪದವಿಯ ಹೆಸರು ರೋಗಿಯ ಕರುಳಿಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಸೂಜಿ ಹಿಡಿದ ಕೈ ಮಾತ್ರ.

ಅಣಕು ಅಭ್ಯಾಸದಿಂದ ನಿಜವಾಗಿ ಪ್ರಯೋಜನವಿದೆಯೆ? ನ್ಯಾಯವಾದ ಪ್ರಶ್ನೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಪ್ರಕಟವಾಯಿತು. ಶಸ್ತ್ರವೈದ್ಯ ಶಿಕ್ಷಣದಲ್ಲಿದ್ದ 16 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಕಂಪ್ಯೂಟರಿನ ಅಣಕು ಯಂತ್ರದ ಮೇಲೆ, ನುರಿತವರ ಮಟ್ಟ ಮುಟ್ಟುವವರೆಗೆ ಅಭ್ಯಾಸ ಮಾಡಿಸಿದರು. ಆಮೇಲೆ ಎಲ್ಲರೂ ನಿಜವಾದ ರೋಗಿಗಳಲ್ಲಿ ಪಿತ್ತಕೋಶ ಬಿಡಿಸುವುದನ್ನು, ಯಾರು ಯಾವ ಪಂಗಡವೆಂದು ತಿಳಿಯದ ಪರೀಕ್ಷಕರು ವಿಡಿಯೋದಲ್ಲಿ ನೋಡಿದರು. ಅಭ್ಯಾಸ ಮಾಡಿದವರು ಶೇಕಡಾ 29ರಷ್ಟು ಬೇಗ ಮುಗಿಸಿದ್ದರು. ಅಭ್ಯಾಸವಿಲ್ಲದವರ ತಪ್ಪುಗಳು ಸರಾಸರಿ ಆರು ಪಟ್ಟು. ನಮ್ಮ ದೊಡ್ಡಮ್ಮನಿಗೆ ಆದದ್ದೂ ಪಿತ್ತಕೋಶದ ಶಸ್ತ್ರಕ್ರಿಯೆಯೇ ಎಂಬುದನ್ನು ವಾಚಕರು ಮರೆಯಬಾರದು.

ಕೈಯನ್ನು ಅಳೆಯಬಹುದೆ? ಅದಕ್ಕೂ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಕೆನಡಾದ ಟೊರಾಂಟೊದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಸಂಗಡಿಗರು 1997ರಲ್ಲಿ ಒಂದು ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ಮೇಜಿನಿಂದ ಮೇಜಿಗೆ ಹೋಗಿ, ಗೊತ್ತುಪಡಿಸಿದ ಹೊತ್ತಿನಲ್ಲಿ, ಒಂದೊಂದು ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ನೋಡುವುದೇನು? ಅಂಗಾಂಶವನ್ನು ಮೃದುವಾಗಿ ಮುಟ್ಟುತ್ತಾನೆಯೆ; ಕೈ ಸುಮ್ಮಸುಮ್ಮನೆ ಅಲೆಯುತ್ತದೆಯೆ; ಉಪಕರಣ ಹಿಡಿಯುವ ರೀತಿ ಹೇಗೆ; ಮುಂದಿನ ಹೆಜ್ಜೆ ಗೊತ್ತಿದೆಯೆ; ಸಹಾಯಕನನ್ನು ಸರಿಯಾಗಿ ಬಳಸುತ್ತಾನೆಯೆ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ. 2004ರಲ್ಲಿ ಅಮೆರಿಕದಲ್ಲಿ ಲ್ಯಾಪರೋಸ್ಕೋಪಿಗಾಗಿಯೇ ಪೆಟ್ಟಿಗೆಯೊಳಗಿನ ಪರೀಕ್ಷೆ ಬಂತು: ಸಣ್ಣ ಉಂಗುರಗಳನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸಾಗಿಸುವುದು, ಗಾಜ್ ಬಟ್ಟೆಯಲ್ಲಿ ಬರೆದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸುವುದು, ಕುಣಿಕೆ ಹಾಕುವುದು, ಒಳಗೂ ಹೊರಗೂ ಗಂಟು ಕಟ್ಟುವುದು. ಕೆಲವೇ ವರ್ಷಗಳಲ್ಲಿ ಅಲ್ಲಿನ ಶಸ್ತ್ರವೈದ್ಯ ಮಂಡಳಿ ಅದನ್ನು ಕಡ್ಡಾಯ ಮಾಡಿತು.

ಅಳೆಯುವುದರಿಂದ ಏನು ತಿಳಿಯುತ್ತದೆ? ಮಿಶಿಗನ್ ರಾಜ್ಯದ 20 ಮಂದಿ ಅನುಭವಿ ಶಸ್ತ್ರವೈದ್ಯರು ತಂತಮ್ಮ ಶಸ್ತ್ರಕ್ರಿಯೆಯ ಒಂದೊಂದು ವಿಡಿಯೋವನ್ನು ಒಪ್ಪಿಸಿದರು. ಸಹೋದ್ಯೋಗಿಗಳು ಹೆಸರು ತಿಳಿಯದೆ ಅಂಕ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲ ಇದು: ಅಂಕದಲ್ಲಿ ಮೇಲಿನ ಕಾಲುಭಾಗದವರ ರೋಗಿಗಳಲ್ಲಿ ಶೇಕಡಾ 5.2 ಮಂದಿಗೆ ತೊಡಕುಗಳಾಗಿದ್ದವು. ಕೆಳಗಿನ ಕಾಲುಭಾಗದವರಲ್ಲಿ ಶೇಕಡಾ 14.5. ಇವರೆಲ್ಲರೂ ಪದವೀಧರರೇ. ಪದವಿ ಒಂದೇ, ಕೈ ಬೇರೆ ಬೇರೆ. ಪದವಿಯೆಂಬ ಚಾದರದ ಕೆಳಗೆ ಎಲ್ಲ ಕೈಗಳೂ ಸಮಾನವೆಂದು ನಂಬಿ ಮಲಗುವ ರೋಗಿಯ ಭೋಳೆತನಕ್ಕೆ ಏನೆನ್ನೋಣ?

ಇದಿರು ಮಾತುಗಳು ಇಲ್ಲದೆ ಇಲ್ಲ. "ಗೊಂಬೆಗೆ ರಕ್ತ ಬರುವುದಿಲ್ಲ, ಗೊಂಬೆ ಸಾಯುವುದಿಲ್ಲ, ಅದರ ಮೇಲೆ ಕಲಿತದ್ದು ಕಲಿಕೆಯೆ?" ಎನ್ನುತ್ತಾರೆ. ಗೊಂಬೆ ಸಾಯುವುದಿಲ್ಲ ಎಂಬುದೇ ಅದರ ದೊಡ್ಡ ಗುಣ, ಸ್ವಾಮಿ! ರೋಗಿಯ ಮೇಲೆ ಕಲಿಯುವುದೇ ಬೇಡವೆಂದು ಯಾರೂ ಹೇಳಿಲ್ಲ. ಗುರುವಿನ ಪಕ್ಕದಲ್ಲಿ ನಿಂತು ಕಲಿಯುವುದು ಎಂದೆಂದಿಗೂ ಬೇಕು. ಆದರೆ ಗಂಟು ಹಾಕಲು ಬಾರದವನು ಆ ಪಕ್ಕಕ್ಕೆ ಬರಬಾರದು.

"ಹಣವೆಲ್ಲಿ?" ಎನ್ನುತ್ತಾರೆ. ಟೊರಾಂಟೊದ್ದೇ ಆದ ಇನ್ನೊಂದು ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಮೂತ್ರನಾಳದ ಕಲ್ಲನ್ನು ತೆಗೆಯುವ ಕೌಶಲವನ್ನು ಕೆಲವು ವಿದ್ಯಾರ್ಥಿಗಳಿಗೆ 3,700 ಡಾಲರಿನ ಅಚ್ಚುಕಟ್ಟಾದ ಮಾದರಿಯ ಮೇಲೆ ಕಲಿಸಿದರು. ಇನ್ನು ಕೆಲವರಿಗೆ ರಬ್ಬರ್ ನಳಿಗೆ, ಕಾಫಿ ಕುಡಿಯುವ ಬೆಂಡಿನ ಲೋಟ ಮುಂತಾದವುಗಳಿಂದ 20 ಡಾಲರಿನಲ್ಲಿ ಕಟ್ಟಿದ ಮಾದರಿಯ ಮೇಲೆ ಕಲಿಸಿದರು. ಪರೀಕ್ಷೆಯಲ್ಲಿ ಎರಡು ಪಂಗಡಗಳಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಬರಿಯ ಉಪನ್ಯಾಸ ಕೇಳಿದವರು ಮಾತ್ರ ಹಿಂದೆ ಬಿದ್ದರು. ಇದರ ಪಾಠ ಸ್ಪಷ್ಟ. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳದಲ್ಲಿ ಎರಡು ತೂತು, ಒಳಗೊಂದು ಬಲ್ಬು, ಮೇಲೊಂದು ಮೊಬೈಲ್ ಫೋನಿನ ಕ್ಯಾಮರಾ, ಎರಡು ಹಳೆಯ ಸಲಾಕೆಗಳು, ಒಂದು ಹಿಡಿ ಮಣಿ. ಕುಂದಾಪುರದ ಪೇಟೆಯಲ್ಲಿ ಸಿಕ್ಕದ ವಸ್ತು ಇದರಲ್ಲಿ ಯಾವುದು? ಹೊಲಿಗೆಗೆ ಬಾಳೆಹಣ್ಣಿನ ಸಿಪ್ಪೆ ಉಂಟು, ಕೋಳಿಯ ಚರ್ಮ ಉಂಟು. ಕೊಯ್ಯುವುದಕ್ಕೆ ಸುಶ್ರುತನ ಕುಂಬಳ ಸಂತೆಯಲ್ಲೇ ಉಂಟು.

"ಗುರುವಿನ ಕಣ್ಣಿಗಿಂತ ದೊಡ್ಡ ಪರೀಕ್ಷೆ ಯಾವುದು?" ಎನ್ನುತ್ತಾರೆ. ಗುರುವಿನ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಕಣ್ಣಿಗೂ ಪ್ರೀತಿಯುಂಟು, ಮುನಿಸುಂಟು, ಆಯಾಸವುಂಟು, ಯಾರ ಮಗನೆಂಬ ತಿಳಿವಳಿಕೆಯುಂಟು. ಮುಖ ಕಾಣದ, ಕೈಯಷ್ಟೇ ಕಾಣುವ ವಿಡಿಯೋವನ್ನು ದೂರದೂರಿನ ಇಬ್ಬರು ಪರೀಕ್ಷಕರು ನೋಡಿದರೆ ಗುರುವಿನ ಗೌರವಕ್ಕೆ ಊನವೇನೂ ಬಾರದು.

ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಯಾವಾಗ ಕೊಯ್ಯಬಾರದು, ಯಾವಾಗ ನಿಲ್ಲಿಸಬೇಕು ಎಂಬ ವಿವೇಕವನ್ನು ಪೆಟ್ಟಿಗೆ ಕಲಿಸಲಾರದು. ವಿಮಾನ ಚಾಲಕರನ್ನು ಆರಾರು ತಿಂಗಳಿಗೊಮ್ಮೆ ಅಣಕು ವಿಮಾನದಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ. ಹಾಗಿದ್ದೂ 2010ರ ಮೇ 22ರಂದು ಬಜ್ಪೆಯಲ್ಲಿ 158 ಮಂದಿ ಸತ್ತುದನ್ನು ಕರಾವಳಿಯವರು ಮರೆತಿಲ್ಲ. ಇಳಿಯುವುದು ಬೇಡ, ಮೇಲೇರೋಣ ಎಂದು ಕಿರಿಯ ಚಾಲಕ ಮೂರು ಸಲ ಹೇಳಿದ್ದ. ಅನುಭವಿ ಹಿರಿಯ ಕೇಳಲಿಲ್ಲ ಎಂದು ತನಿಖೆಯಲ್ಲಿ ತಿಳಿಯಿತು. ಕೈ ನುರಿತದ್ದೇ, ವಿವೇಕ ಸೋತಿತು. ಆದರೆ ಇದರಿಂದ ಅಣಕು ಅಭ್ಯಾಸವನ್ನು ಬಿಡಬೇಕೆಂದು ಯಾವ ವಿಮಾನ ಕಂಪೆನಿಯೂ ತೀರ್ಮಾನಿಸಲಿಲ್ಲ. ಕಿರಿಯನು ಹೇಳುವುದನ್ನೂ ಹಿರಿಯನು ಕೇಳುವುದನ್ನೂ ಅಭ್ಯಾಸದೊಳಕ್ಕೆ ತರಬೇಕು ಎಂಬುದೇ ಸರಿಯಾದ ತೀರ್ಮಾನ. ಶಸ್ತ್ರಶಾಲೆಯಲ್ಲಿ ದಾದಿ "ಡಾಕ್ಟ್ರೆ, ಒಂದು ಗಾಜ್ ಲೆಕ್ಕಕ್ಕೆ ಸಿಕ್ಕುತ್ತಿಲ್ಲ" ಎನ್ನುವ ಧೈರ್ಯ, ಅದನ್ನು ಕೇಳಿ ಕೈ ನಿಲ್ಲಿಸುವ ಡಾಕ್ಟರರ ವಿನಯ, ಇವೆರಡೂ ಕಲಿಸಬೇಕಾದ ವಿದ್ಯೆಗಳೇ.

ನಿಯಮಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರಲ್ಲಿ ಪ್ರತಿ ಕಾಲೇಜಿಗೂ ಕೌಶಲಶಾಲೆ ಬೇಕೆಂದು ವಿಧಿಸಿತು. 150 ವಿದ್ಯಾರ್ಥಿಗಳಿಗೆ 600 ಚದರ ಮೀಟರ್ ಎಂದು ಅಳತೆಯನ್ನೂ ಕೊಟ್ಟಿತು. ಚುಚ್ಚುಮದ್ದು, ಹೊಲಿಗೆ, ಹೆರಿಗೆಗಳಿಗೆ ಗೊಂಬೆಗಳ ಪಟ್ಟಿಯೂ ಇತ್ತು. ಎದೆ ಬಡಿತ ನಿಂತವನನ್ನು ಬದುಕಿಸುವ ಕ್ರಮವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಗೊಂಬೆಯ ಮೇಲೆ ಕಲಿತೇ ತೀರಬೇಕೆಂಬ ನಿಯಮವೂ ಇದೆ. ಸಂತೋಷ. ಎದೆ ಒತ್ತುವುದಕ್ಕೆ ಗೊಂಬೆ ಬೇಕಾದರೆ ಹೊಟ್ಟೆ ಕೊಯ್ಯುವುದಕ್ಕೆ ಬೇಡವೆ? ಕೋಣೆಯ ಉದ್ದಗಲವನ್ನು ಅಳೆದವರು ಅದರೊಳಗೆ ನಿಲ್ಲುವ ಕೈಯನ್ನು ಅಳೆಯಲು ಏಕೆ ಹಿಂಜರಿಯುತ್ತಾರೆ?

ಆದುದರಿಂದ ನನ್ನ ಬೇಡಿಕೆ ನಾಲ್ಕು. ಒಂದು: ಅಣಕು ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾವ ವಿದ್ಯಾರ್ಥಿಯೂ ಜೀವಂತ ರೋಗಿಯ ಮೇಲೆ ಚಾಕು ಎತ್ತಕೂಡದು, ತಿಂಗಳುಗಳನ್ನು ಎಣಿಸದೆ ಕೈ ಮುಟ್ಟಿದ ಮಟ್ಟವನ್ನು ಎಣಿಸಬೇಕು. ಎರಡು: ಎಂ.ಎಸ್. ಪರೀಕ್ಷೆಯಲ್ಲಿ ಕೈಯ ಕೆಲಸಕ್ಕೆ ಪ್ರತ್ಯೇಕ ಅಂಕ, ಪ್ರತ್ಯೇಕ ತೇರ್ಗಡೆ. ಬರವಣಿಗೆಯ ಅಂಕ ಅದನ್ನು ತುಂಬಿಕೊಡಕೂಡದು. ಮೂರು: ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಅಭ್ಯಾಸದ ಮೇಜು; ಬೈಂದೂರು, ಬ್ರಹ್ಮಾವರದ ವೈದ್ಯರೂ ಸೇವೆಗೆ ಬಂದ ಹೊಸಬರೂ ವಾರಕ್ಕೊಮ್ಮೆ ಬಂದು ಕೈ ಪಳಗಿಸಲಿ. ಬಳಸದ ಕೈಗೆ ತುಕ್ಕು ಹಿಡಿಯುತ್ತದೆ. ಮಣಿಪಾಲದ ಅಭ್ಯಾಸಶಾಲೆಯ ಗುರುಗಳು ತಿಂಗಳಿಗೊಮ್ಮೆ ಈ ಕಡೆ ಬಂದರೆ ಅದು ಪುಣ್ಯದ ಕೆಲಸ. ನಾಲ್ಕು: ಒಪ್ಪಿಗೆಯ ಕಾಗದದಲ್ಲಿ ಎರಡು ಸಾಲು ಹೆಚ್ಚಿಗೆ ಇರಲಿ: ಶಸ್ತ್ರಕ್ರಿಯೆ ಮಾಡುವವರು ಯಾರು, ಅವರ ಹಿಂದೆ ನಿಲ್ಲುವವರು ಯಾರು.

ದೊಡ್ಡಮ್ಮ ಈಗ ಇಲ್ಲ. ವಯಸ್ಸಾಗಿ ಹೋದರು, ಆ ಶಸ್ತ್ರಕ್ರಿಯೆಯಿಂದಲ್ಲ. ಆ ಹುಡುಗ ಇಷ್ಟು ಹೊತ್ತಿಗೆ ನುರಿತ ವೈದ್ಯನಾಗಿರಬೇಕು. ಆಗಿರಲಿ ಎಂದೇ ನನ್ನ ಹಾರೈಕೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಸಂಜೆ ಅವನಿಗೆ ಒಂದು ಒಳ್ಳೆಯ ಉತ್ತರ ಕೊಡುವ ಶಕ್ತಿಯನ್ನು ಅವನ ಶಾಲೆ ಕೊಟ್ಟಿರಲಿಲ್ಲ. "ಪೆಟ್ಟಿಗೆಯಲ್ಲಿ ಇನ್ನೂರು ಸಲ ಮಾಡಿದ್ದೇನೆ ಅಜ್ಜಿ, ಪರೀಕ್ಷೆಯಲ್ಲಿ ಪಾಸಾಗಿದ್ದೇನೆ, ಮನುಷ್ಯರಲ್ಲಿ ಇದು ಮೂರನೆಯದು, ನಮ್ಮ ಗುರುಗಳು ಪಕ್ಕದಲ್ಲೇ ಇರುತ್ತಾರೆ" ಎಂದು ಅವನು ಹೇಳುವಂತಿದ್ದರೆ, ಆ ಮುದುಕಿ ಅವನ ತಲೆ ಸವರಿ, ಹೆಬ್ಬೆಟ್ಟನ್ನು ತಾನೇ ಮುಂದೆ ಮಾಡುತ್ತಿದ್ದರು. ಇನ್ನು ಮುಂದೆ ನಮ್ಮ ಮನೆಯವರು ಹಾಸಿಗೆಯ ಮೇಲಿಂದ ಆ ಪ್ರಶ್ನೆ ಕೇಳಿದಾಗ ನಾವು ಗದರಿಸಬಾರದು. ಉತ್ತರ ಬರುವವರೆಗೆ ಕಾಯಬೇಕು.